ಟೊಮೆಟೊ ಲಾರಿಯಲ್ಲಿ ಬರಬೇಕಾಗಿದ್ದವಳು

ಮನ್‌ಮಾಯಾ ಎನ್ನುವ ಹೆಸರು ಶಾಮಲಮ್ಮನ ನಾಲಿಗೆಗೆ ಒಗ್ಗಲೇ ಇಲ್ಲ. ಮಗ ಕಾಂತರಾಜ್ ಕುವೈತಿನಿಂದ ಈ ಹುಡುಗಿಯನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ ದಿನ ಎರಡು ಮೂರು ಸಲ ಹೆಸರು ಹೇಳಿಸಿಕೊಂಡಳು, ತಾನೂ ಹೇಳಲು ನೋಡಿದಳು, ಕೊನೆಗೆ ಇದು ಆಗುವ ಹೋಗುವ ಮಾತಲ್ಲವೆಂದು ಮುನಿಯಮ್ಮ ಎಂದು ಕರೆದುಬಿಟ್ಟಳು. ಕ್ಯಾಲನೂರಿನಿಂದ ಒಳದಾರಿ ಹಿಡಿದು ಹೋದರೆ ಸಿಗುವ ಆ ಊರಿನಲ್ಲಿ ಮುನಿ ಎಂದು ಶುರುವಾಗುವ ಹೆಸರಿಲ್ಲದ ಮನೆಯೇ ಇರಲಿಲ್ಲ. ನೇಪಾಳದ ಭೋಜಪುರದ ಬೆಟ್ಟಗಳಲ್ಲಿ ಹುಟ್ಟಿದ ಮನ್‌ಮಾಯಾ ರಾಯಿ ಹೀಗೆ ಸಂಜೆಯೊಳಗೆ ಊರಿಗೆಲ್ಲ ಮುನಿಯಮ್ಮನಾದಳು. ಅವಳಿಗೆ ಬೇಸರವೇನೂ ಆಗಲಿಲ್ಲ. ಕುವೈತಿನ ಮನೆಯವರು ಅವಳನ್ನು ಮರಿಯಂ ಎಂದು ಕರೆಯುತ್ತಿದ್ದರು. ಅನ್ನ ಹಾಕುವವರು ತಮ್ಮ ಬಾಯಿಗೆ ಬರುವ ಹೆಸರಿಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಕುವೈತಿನಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಕೆಲಸಕ್ಕಿದ್ದರು. ಅವನು ಕಾರು ಓಡಿಸುತ್ತಿದ್ದ. ಅವಳು ಮನೆಯ ಮುದಿ ಯಜಮಾನಿಯನ್ನು ಎಬ್ಬಿಸಿ, ಮೀಯಿಸಿ, ಉಣಿಸಿ, ಮಲಗಿಸುತ್ತಿದ್ದಳು. ಆಸ್ಪತ್ರೆಗೆ ಹೋಗಿ ಬರುವಾಗ ಮುದುಕಿ ಹಿಂದಿನ ಸೀಟಿನಲ್ಲಿ ಮನ್‌ಮಾಯಾಳ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಆಗ ಇವರಿಬ್ಬರೂ ಹಿಂದಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಮುದುಕಿ ತೀರಿಕೊಂಡು ಇಬ್ಬರ ಕೆಲಸವೂ ಹೋದಾಗ ಕಾಂತರಾಜ್, ನಮ್ಮೂರಿಗೆ ಬಾ, ಮದುವೆಯಾಗೋಣ, ನಮ್ಮಲ್ಲೂ ಬೆಟ್ಟ ಇದೆ ಎಂದಿದ್ದ. ಬಂದು ನೋಡಿದರೆ ಆ ಬೆಟ್ಟಗಳು ಯಾರೋ ಬಂಡೆಗಳನ್ನು ತಂದು ಗುಡ್ಡೆ ಹಾಕಿದ ಹಾಗಿದ್ದವು. ಅವಳು ನಕ್ಕಳು. ಅವನಿಗೆ ಸ್ವಲ್ಪ ಕೋಪವೂ ಬಂತು.

ಮನೆ ಮುಂದೆಯೇ ಚಪ್ಪರ ಹಾಕಿ ಮದುವೆ ಮಾಡಿದರು. ಹೆಣ್ಣಿನ ಕಡೆಯವರು ಯಾರೂ ಬಂದಿರಲಿಲ್ಲ. ಹೇಳದೆ ಕೇಳದೆ ಬೇರೆ ದೇಶದವನನ್ನು ಕಟ್ಟಿಕೊಂಡಳೆಂದು ಅವಳ ಅಪ್ಪ ಮಾತು ಬಿಟ್ಟಿದ್ದ. ಧಾರೆ ಎರೆದುಕೊಡಲು ಯಾರಾದರೂ ಬೇಕಲ್ಲ ಎಂದಾಗ ಎದುರು ಮನೆಯ ಸೊಣ್ಣಪ್ಪ, ಅವನ ಹೆಂಡತಿ ಸುನಂದ ಮುಂದೆ ಬಂದು ಮಗಳೆಂದು ಒಪ್ಪಿ ಎರೆದರು. ಊಟದ ಹೊತ್ತಿಗೆ ಸುನಂದ, ಇವತ್ತಿನಿಂದ ನಮ್ಮದೇ ನಿನ್ನ ತೌರುಮನೆ ಎಂದು ತಮಾಷೆಗೆ ಹೇಳಿದಳು. ಮನ್‌ಮಾಯಾಳಿಗೆ ಮಾತು ತಿಳಿಯಲಿಲ್ಲ, ಹೇಳಿದ ರೀತಿ ಹಿಡಿಸಿತು. ಆದರೆ ಆಮೇಲಿನ ದಿನಗಳಲ್ಲಿ ಸುನಂದಳಿಗೂ ಅವಳ ಹಸು, ಅವಳ ಹೊಲ, ಅವಳ ಸೊಸೆಯೊಂದಿಗಿನ ಜಗಳ ಇದ್ದವು. ಬೀದಿಯ ಆಚೆಯಿಂದ ಕೈ ಬೀಸುವುದಕ್ಕೆ ತೌರುಮನೆ ನಿಂತುಹೋಯಿತು.

ಮನ್‌ಮಾಯಾಳನ್ನು ಗೆಲ್ಲಿಸಿದ್ದು ರಾಗಿ. ಮೊದಲ ದಿನ ತಟ್ಟೆಯಲ್ಲಿ ಮುದ್ದೆ ಇಟ್ಟಾಗ ಇವಳಿಗೆ ಇದು ಇಳಿಯುವುದೇ ಎಂದು ಎಲ್ಲರೂ ನೋಡುತ್ತ ನಿಂತಿದ್ದರು. ಅವಳು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದಳು. ಅವಳ ಊರಲ್ಲಿ ರಾಗಿಗೆ ಕೋದೋ ಎನ್ನುತ್ತಿದ್ದರು. ಅದರ ಹಿಟ್ಟಿನಲ್ಲಿ ಅವಳ ತಾಯಿ ಇದಕ್ಕಿಂತ ಸ್ವಲ್ಪ ಸಡಿಲವಾಗಿ ಢಿಡೋ ತೊಳಸುತ್ತಿದ್ದಳು. ಶಾಮಲಮ್ಮ ಗಂಡನ ಕಡೆ ತಿರುಗಿ ತೆಲುಗಿನಲ್ಲಿ ಏನೋ ಅಂದಳು. ಮಾವ ಅಶ್ವತ್ಥಪ್ಪ ತಲೆಯಾಡಿಸಿದ. ಆ ದಿನದಿಂದ ಮುದ್ದೆ ಕೋಲು ಸೊಸೆಯ ಕೈಗೆ ಬಂತು.

ಭಾಷೆಯೇ ಕಷ್ಟವಾದದ್ದು. ಆ ಮನೆಯಲ್ಲಿ ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಸಿಟ್ಟು ಬಂದರೆ ತೆಲುಗು, ದೇವರ ಮುಂದೆ ಕನ್ನಡ, ಹಸುವಿನ ಹತ್ತಿರ ಎರಡೂ. ಇವು ಎರಡು ಭಾಷೆ ಎಂಬುದೇ ಅವಳಿಗೆ ಎಷ್ಟೋ ದಿನ ಗೊತ್ತಾಗಲಿಲ್ಲ. ನೀಳ್ಳು ಎಂದರೆ ಕುಡಿಯುವುದಕ್ಕೆ, ನೀರು ಎಂದರೆ ಹೊಲಕ್ಕೆ ಎಂದುಕೊಂಡಿದ್ದಳು. ಕೋಲಾರದ ಅಂಗಡಿಯಲ್ಲಿ ಒಮ್ಮೆ ಸಕ್ಕರೆ ಕೇಳಲು ಎರಡನ್ನೂ ಬೆರೆಸಿ, ಅಣ್ಣಾ, ಚಕ್ಕೆರ ಅರ್ಧ ಕೆಜಿ ಕೊಡಂಡಿ ಎಂದಳು. ಅಂಗಡಿಯವನು ನಗು ತಡೆಯಲಾರದೆ ಒಳಗಿದ್ದವರನ್ನು ಕರೆದು ಇನ್ನೊಂದು ಸಲ ಹೇಳಿಸಿದ. ಒಂದೇ ಒಂದು ಮಾತು ಮಾತ್ರ ಅವಳಿಗೆ ಮೊದಲಿನಿಂದ ಗೊತ್ತಿದ್ದ ಹಾಗೆ ಕೇಳುತ್ತಿತ್ತು. ಅವಳ ಭಾಷೆಯಲ್ಲಿ ಅಪ್ಪನಿಗೆ ಬಾ ಎನ್ನುತ್ತಾರೆ. ಇಲ್ಲಿ ದಿನವಿಡೀ ಯಾರೋ ಯಾರನ್ನೋ ಬಾ ಎಂದು ಕೂಗುತ್ತಿದ್ದರು. ಪ್ರತಿ ಸಲವೂ ಅವಳ ಕತ್ತು ತಾನಾಗಿ ತಿರುಗುತ್ತಿತ್ತು.

ಕಾಂತರಾಜ್ ಕೋಲಾರದ ಟೊಮೆಟೊ ಮಂಡಿಯವರೊಬ್ಬರ ಲಾರಿ ಓಡಿಸಲು ಸೇರಿದ. ಮಾವಿನ ಕಾಲ ಬಂದರೆ ಶ್ರೀನಿವಾಸಪುರದಿಂದ ಮಾವು, ಉಳಿದ ಕಾಲದಲ್ಲಿ ಟೊಮೆಟೊ. ನಾಗಪುರ, ಕೋಲ್ಕತ್ತ, ಅದರಿಂದಾಚೆ ಸಿಲಿಗುರಿ. ಅವನೂ ಕದಿರೇಶ ಎಂಬ ಇನ್ನೊಬ್ಬ ಚಾಲಕನೂ ಸರದಿಯಲ್ಲಿ ಓಡಿಸಿಕೊಂಡು ಹೋಗುತ್ತಿದ್ದರು. ಮನೆಗೆ ಬಂದರೆ ನಿದ್ದೆ ಮಾಡುತ್ತಿದ್ದ, ಎದ್ದರೆ ಹೊರಡುತ್ತಿದ್ದ. ಇದ್ದಾಗ ಹೆಂಡತಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ, ಆದರೆ ಇರುವುದೇ ಕಡಿಮೆ.

ಮಧ್ಯಾಹ್ನಗಳು ಉದ್ದವಾಗಿದ್ದವು. ಅತ್ತೆ ಹಿಪ್ಪುನೇರಳೆ ಸೊಪ್ಪಿಗೆ ಹೋಗುತ್ತಿದ್ದಳು, ಮಾವ ಬೋರ್‌ವೆಲ್ಲಿನ ಹತ್ತಿರ. ಮನ್‌ಮಾಯಾ ಟೊಮೆಟೊ ತೋಟದಲ್ಲಿ ಬಳ್ಳಿ ಕಟ್ಟುತ್ತ ತಲೆ ಎತ್ತಿದರೆ ಕಣ್ಣು ಹೋದಷ್ಟು ದೂರ ಬಯಲು. ಅವಳ ಊರಿನಲ್ಲಿ ಒಬ್ಬರು ಈ ಇಳಿಜಾರಿನಲ್ಲಿ ನಿಂತು ಕೂಗಿದರೆ ಎದುರಿನ ಇಳಿಜಾರಿನಿಂದ ಯಾರಾದರೂ ಓಗೊಡುತ್ತಿದ್ದರು. ಮನುಷ್ಯರಿಲ್ಲದಿದ್ದರೆ ಬೆಟ್ಟವೇ ಓಗೊಡುತ್ತಿತ್ತು. ಒಂದು ದಿನ ಸುತ್ತ ಯಾರೂ ಇಲ್ಲದ್ದು ನೋಡಿ ಅವಳು ತನ್ನ ಭಾಷೆಯಲ್ಲಿ ತನ್ನ ಹೆಸರನ್ನೇ ಜೋರಾಗಿ ಕೂಗಿದಳು. ಕೂಗು ಹೋಯಿತು. ಹೋದದ್ದು ತಿರುಗಿ ಬರಲಿಲ್ಲ. ದೂರದ ಬದುವಿನಲ್ಲಿ ಮೇಯುತ್ತಿದ್ದ ಎಮ್ಮೆಯೊಂದು ಮಾತ್ರ ತಲೆ ಎತ್ತಿ ನೋಡಿತು.

ಕೋಲಾರದ ಬಸ್ ನಿಲ್ದಾಣದ ಹತ್ತಿರ ಗೋಬಿ ಮಂಚೂರಿ ಗಾಡಿಯಲ್ಲಿ ಒಬ್ಬ ನೇಪಾಳಿಯನ್ನು ಕಂಡಳು. ಮುಖ ನೋಡಿಯೇ ಗೊತ್ತಾಯಿತು. ಗಂಡನ ಕೈ ಬಿಡಿಸಿಕೊಂಡು ಹೋಗಿ ಮಾತಾಡಿಸಿದಳು. ಅವನು ಅವಳ ದೇಶದ ಇನ್ನೊಂದು ತುದಿಯವನು, ಪಶ್ಚಿಮದ ಕೈಲಾಲಿಯವನು. ಆದರೂ ಅವಳನ್ನು ದಿದಿ, ಅಕ್ಕಾ ಎಂದ. ಆ ಒಂದು ಮಾತು ಕೇಳಿ ಅವಳಿಗೆ ಎಷ್ಟೊಂದು ಹೇಳಬೇಕೆನಿಸಿತೆಂದರೆ ಯಾವುದರಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಗಿರಾಕಿಗಳು ಬಂದರು, ಅವನು ಬಾಣಲೆಯ ಕಡೆ ತಿರುಗಿದ. ಮುಂದಿನ ಸಲ ಹೋದಾಗ ಆ ಗಾಡಿಯಲ್ಲಿ ಮುಳಬಾಗಿಲಿನ ಹುಡುಗನಿದ್ದ. ಹಿಂದೆ ಇದ್ದವನು ಎಲ್ಲಿಗೆ ಹೋದನೋ ಅವನಿಗೆ ಗೊತ್ತಿರಲಿಲ್ಲ.

ಹೀಗಾಗಿ ಉಳಿದದ್ದು ಶನಿವಾರ. ಶನಿವಾರ ಅವಳ ತಮ್ಮನಿಗೆ ರಜೆ. ಅಲ್ಲಿ ಮನೆಯ ಮೇಲಿನ ದಿಣ್ಣೆಗೆ ಹತ್ತಿದರೆ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಅವನು ತಾಯಿಯನ್ನು ಹತ್ತಿಸಿಕೊಂಡು ಹೋಗಿ ಫೋನು ಕೈಗೆ ಕೊಡುತ್ತಿದ್ದ. ಅಪ್ಪನಿಗೆ ಗೊತ್ತಾಗದ ಹಾಗೆ ಎಂದು ಅವರು ಅಂದುಕೊಂಡಿದ್ದರು. ಅಪ್ಪನಿಗೆ ಗೊತ್ತಿತ್ತು. ಆಮಾ, ಅಂದರೆ ತಾಯಿ, ಫೋನಿನಲ್ಲಿ ಕಿರುಚಿ ಮಾತಾಡುತ್ತಿದ್ದಳು, ಕೋಲಾರ ದೂರವಲ್ಲವೇ, ಮೆಲ್ಲಗೆ ಹೇಳಿದರೆ ತಲುಪೀತೇ ಎಂಬಂತೆ. ಮನ್‌ಮಾಯಾ ಹಸುವಿನ ಕೊಟ್ಟಿಗೆಯ ಹಿಂದೆ ಕೂತು ಕೇಳುತ್ತಿದ್ದಳು. ಮೇಕೆ ಮರಿ ಹಾಕಿದ್ದು, ಪಕ್ಕದ ಮನೆಯವರು ತಗಡಿನ ಮಾಡು ಹೊದಿಸಿದ್ದು, ಕಿತ್ತಳೆ ಗಿಡ ಹೂ ಬಿಟ್ಟದ್ದು. ಉಳಿದ ವಾರವೆಲ್ಲ ಅವಳು ಬೇರೆಯವರ ಮಾತುಗಳಲ್ಲಿ ಬದುಕುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಮಾತು ಬಾಯಿಂದ ಹುಡುಕದೆ ಬರುತ್ತಿತ್ತು.

ಅವಳು ಗರ್ಭಿಣಿ ಎಂದು ಗೊತ್ತಾದಾಗ ಮೊದಲು ಚಿಂತೆ ಹತ್ತಿದ್ದು ಶಾಮಲಮ್ಮನಿಗೆ. ಚೊಚ್ಚಲ ಹೆರಿಗೆ ತೌರುಮನೆಯದು. ಕಳಿಸುವುದಾದರೆ ಎಲ್ಲಿಗೆ ಕಳಿಸುವುದು? ಕೋಲಾರದ ಡಾಕ್ಟರಮ್ಮ ರಕ್ತ ಕಡಿಮೆ ಇದೆ, ದೂರ ಪ್ರಯಾಣ ಬೇಡವೇ ಬೇಡ ಎಂದುಬಿಟ್ಟಿದ್ದರು. ಒಂದು ದಿನ ಲಾರಿಯಿಂದ ಇಳಿದು ಬಂದ ಮಗನನ್ನು ಕೈಕಾಲು ತೊಳೆಯಲೂ ಬಿಡದೆ ಶಾಮಲಮ್ಮ ಹಿಡಿದಳು.

"ಅವ್ರಮ್ಮನ್ನ ಕರ್ಸು ಕಣೋ. ತೌರೋರು ಅಂತ ಒಬ್ರಾದ್ರೂ ಇರ್ಬೇಕು. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಯಮ್ಮನಿಗೆ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?"

ಕಾಂತರಾಜ್ ಯೋಚಿಸಿದ. ಸಿಲಿಗುರಿಗೆ ಹೇಗೂ ಹೋಗುತ್ತಾನೆ. ಅಲ್ಲಿಂದ ನೇಪಾಳದ ಗಡಿ ಕೂಗಳತೆ. ಮನ್‌ಮಾಯಾಳ ತಮ್ಮನೇ ತಾಯಿಯನ್ನು ಗಡಿ ದಾಟಿಸಿ ಕರೆತಂದು ಬಿಟ್ಟರೆ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರಬಹುದು. ಕದಿರೇಶ ಹಿಂದಿನ ಹಲಗೆಯ ಮೇಲೆ ಮಲಗುತ್ತಾನೆ.

ಶನಿವಾರ ಮನ್‌ಮಾಯಾ ಈ ಮಾತನ್ನು ಆಮಾಗೆ ಹೇಳಿದಳು. ಧರಾನ್ ಪೇಟೆ ದಾಟಿ ಅವಳು ಎಲ್ಲಿಗೂ ಹೋದವಳಲ್ಲ. ಅವಳು ಕೇಳಿದ್ದು ಒಂದೇ, ಲಾರಿಯಲ್ಲಿ ವಾಂತಿ ಬಂದರೆ ಅಳಿಯ ನಿಲ್ಲಿಸುತ್ತಾನೋ ಇಲ್ಲವೋ. ನಿಲ್ಲಿಸುತ್ತಾನೆ ಎಂದಳು ಮಗಳು. ಹಾಗಾದರೆ ಬರುತ್ತೇನೆ ಎಂದಳು ತಾಯಿ.

ಆಮೇಲೆ ಮನೆಯಲ್ಲಿ ಬೀಗಿತ್ತಿ ಬರುವ ಸಂಭ್ರಮ. ರೇಷ್ಮೆ ಹುಳದ ಬಿದಿರಿನ ತಟ್ಟೆಗಳನ್ನು ತುಂಬಿದ್ದ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿ ಶಾಮಲಮ್ಮ ಸುಣ್ಣ ಹೊಡೆಸಿದಳು. ಆಯಮ್ಮ ಬಾಡು ತಿನ್ನುತ್ತಾಳಾ ಎಂದು ವಿಚಾರಿಸಿದಳು. ತಿನ್ನುತ್ತಾಳೆ ಎಂದು ತಿಳಿದು ನೆಮ್ಮದಿಯಾಯಿತು. ಹಂದಿಯನ್ನೂ ತಿನ್ನುತ್ತಾಳೆ ಎಂಬುದನ್ನು ಹೇಳಬೇಡ ಎಂದು ಕಾಂತರಾಜ್ ಹೆಂಡತಿಗೆ ಕಣ್ಸನ್ನೆ ಮಾಡಿದ. ಬೀಗಿತ್ತಿಯ ಜೊತೆ ಮಾತಾಡುವುದು ಹೇಗೆ ಎಂಬುದೇ ಶಾಮಲಮ್ಮನಿಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ಕೊನೆಗೆ ಊಟ ಮಾಡಿ ಎನ್ನಲು ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಸೊಸೆಯನ್ನು ಕೇಳಿದಳು. ಖಾನುಸ್ ಎಂದು ಅವಳು ಹೇಳಿಕೊಟ್ಟಳು. ಶಾಮಲಮ್ಮ ಸೌದೆ ಒಡೆಯುವಾಗ, ಹಾಲು ಕರೆಯುವಾಗ ಖಾನುಸ್, ಖಾನುಸ್ ಎಂದುಕೊಳ್ಳುತ್ತಿದ್ದಳು. ಸೊಸೆಯ ಹೆಸರು ಹೇಳಲಾರದ ನಾಲಿಗೆ ಈ ಮಾತನ್ನು ಹೇಗೋ ಹಿಡಿದುಕೊಂಡಿತು.

ಕಾರ್ತಿಕದಲ್ಲಿ ಕಾಂತರಾಜ್ ಟೊಮೆಟೊ ಹೇರಿಕೊಂಡು ಸಿಲಿಗುರಿಗೆ ಹೊರಟ. ಮನ್‌ಮಾಯಾಳಿಗೆ ಆಗ ಎಂಟನೇ ತಿಂಗಳು. ಲಾರಿಯ ಮುಂದಿನ ಸೀಟಿಗೆ ಅವಳೇ ಒಂದು ದಪ್ಪ ದುಪ್ಪಟಿ ಮಡಿಸಿ ಹಾಸಿದಳು.

ತಮ್ಮನ ಫೋನು ಬಂದದ್ದು ಮಂಗಳವಾರ. ಶನಿವಾರವಲ್ಲದ ದಿನ ಆ ಹೆಸರು ಪರದೆಯ ಮೇಲೆ ಕಂಡು ಅವಳು ಕೆಲಸ ಬಿಟ್ಟು ಕೊಟ್ಟಿಗೆಯ ಹಿಂದಕ್ಕೆ ಹೋಗಿ ಕೂತು ಎತ್ತಿಕೊಂಡಳು. ಅವನು ಹೇಳಿದ್ದು ಇಷ್ಟು. ಆಮಾ ಹುಲ್ಲು ಕೊಯ್ಯಲು ಹೋಗಿ ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದಿದ್ದಳು. ಕೆಳಗಿನ ತೊರೆಯ ತನಕ ಉರುಳಿದ್ದಳು. ಎತ್ತಿಕೊಂಡು ಬರುವಷ್ಟರಲ್ಲಿ ಜೀವ ಇರಲಿಲ್ಲ. ತಾನಿಲ್ಲದ ದಿನಗಳಲ್ಲಿ ಮೇಕೆಗಳಿಗೆ ಬೇಕಾಗುತ್ತದೆಂದು ಆ ವಾರವೆಲ್ಲ ಎಂದಿಗಿಂತ ಹೆಚ್ಚು ಹುಲ್ಲು ಕೂಡಿಹಾಕುತ್ತಿದ್ದಳಂತೆ. ಇದನ್ನು ಹೇಳಬಾರದಿತ್ತು ಎಂದು ತಮ್ಮನಿಗೆ ಹೇಳಿದ ಮೇಲೆ ಅನ್ನಿಸಿರಬೇಕು, ತಡವರಿಸಿದ. ಸಂಜೆಯೊಳಗೆ ಮಣ್ಣು ಮಾಡುತ್ತೇವೆ ಎಂದು ಫೋನು ಇಟ್ಟ.

ಮನ್‌ಮಾಯಾ ಕೊಟ್ಟಿಗೆಯ ಹಿಂದಿನಿಂದ ಎದ್ದು ಅಂಗಳಕ್ಕೆ ಬಂದಳು. ಮಾವ ಜೋಳದ ಸೆಪ್ಪೆ ಕತ್ತರಿಸುತ್ತಿದ್ದ. ಹೇಳಬೇಕು. ಆದರೆ ಸತ್ತಳು ಎನ್ನುವ ಮಾತು ಅವಳಿಗೆ ಬರುತ್ತಿರಲಿಲ್ಲ. ಅವಳು ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ಅವಳಿಗೆ ಆ ಮಾತು ಕಲಿಸಿರಲಿಲ್ಲ. ಗೊತ್ತಿದ್ದ ಮಾತುಗಳಲ್ಲಿ ಹುಡುಕಿದಳು. ಡಬ್ಬಿಯಲ್ಲಿ ಸಕ್ಕರೆ ಮುಗಿದರೆ ಅತ್ತೆ ಲೇದು ಎನ್ನುತ್ತಿದ್ದಳು.

"ಮಾವ, ಅಮ್ಮ ಲೇದು," ಎಂದಳು.

ಅಶ್ವತ್ಥಪ್ಪ ಕತ್ತಿಯಿಂದ ಕಣ್ಣೆತ್ತದೆ ಹೇಳಿದ. "ನಿಮ್ಮತ್ತೆ ಡೇರಿಗೆ ಹಾಲು ಹಾಕೋಕೆ ಹೋಗವ್ಳೆ. ಬರ್ತಾಳೆ, ಇರಮ್ಮ."

ಅವಳು ಅಲ್ಲೇ ಜಗಲಿಯ ಕಂಬಕ್ಕೆ ಒರಗಿ ಕೂತಳು. ಇನ್ನೊಮ್ಮೆ ಹೇಳುವ ಶಕ್ತಿ ಇರಲಿಲ್ಲ. ಸೆಪ್ಪೆ ಕತ್ತರಿಸುವ ಸದ್ದು ನಿಲ್ಲದೆ ಬರುತ್ತಿತ್ತು. ಹೊಟ್ಟೆಯೊಳಗೆ ಮಗು ಒದ್ದಿತು.

ತಮ್ಮ ಆಮೇಲೆ ಕಾಂತರಾಜನಿಗೂ ಫೋನು ಮಾಡಿದ್ದ. ಲಾರಿ ಆಗ ಒಡಿಶಾದಲ್ಲಿತ್ತು. ಕಾಂತರಾಜ್ ರಸ್ತೆ ಬದಿಗೆ ನಿಲ್ಲಿಸಿ ತಾಯಿಗೆ ಫೋನು ಮಾಡಿದ. ಶಾಮಲಮ್ಮ ಡೇರಿಯಿಂದ ಬರುವ ದಾರಿಯಲ್ಲಿ, ಊರ ಬಾಗಿಲ ಹುಣಸೆ ಮರದ ಹತ್ತಿರ ವಿಷಯ ಕೇಳಿದಳು. ಖಾಲಿ ಕ್ಯಾನು ಹಿಡಿದುಕೊಂಡು ಮನೆಗೆ ಬಂದವಳು ಸೊಸೆಯ ಮುಂದೆ ನಿಂತಳು. ಕ್ಯಾನು ಕೆಳಗಿಟ್ಟು ಅವಳ ತಲೆಯ ಮೇಲೆ ಕೈ ಇಟ್ಟಳು, ಆಮೇಲೆ ಒಳಗೆ ಹೋಗಿ ನೀರಿಗೆ ಉರಿ ಹಾಕಿದಳು. ಗಂಡನನ್ನು ಬಾಯಿಗೆ ಬಂದ ಹಾಗೆ ತೆಲುಗಿನಲ್ಲಿ ಬೈದಳು. ಅಶ್ವತ್ಥಪ್ಪ ಕತ್ತಿ ಬದಿಗಿಟ್ಟು, ಸೊಸೆ ಅಂದ ಮಾತಿನ ಅರ್ಥ ಈಗ ಹೊಳೆದು, ತಲೆ ತಗ್ಗಿಸಿ ಕೂತ.

ಮಾರನೆಯ ಬೆಳಿಗ್ಗೆ ಬೀದಿಯ ಹೆಂಗಸರು ಮಾತಾಡಿಸಲು ಬಂದರು. ಅವರಲ್ಲೊಬ್ಬಳು, ಎಲ್ಲೋ ದೇಶದಾಚೆಯ ಸಾವು, ಕಂಡವರಲ್ಲ ಕೇಳಿದವರಲ್ಲ, ನಮ್ಮ ಬೀದಿಗೆ ಸೂತಕ ಎಲ್ಲಿಂದ ಬಂತು ಎಂದಳು. ಧಾರೆ ಎರೆದವರು ನಾವಲ್ಲವೇ, ಬಂದರೆ ನಮ್ಮ ಮನೆಗೆ ಬರಬೇಕೇನೋ ಎಂದು ಸುನಂದ ಅನುಮಾನದಿಂದ ನುಡಿದಳು.

ಶಾಮಲಮ್ಮ ಪಕ್ಕದ ಕೋಣೆಯ ಕಡೆ ಕೈ ತೋರಿಸಿದಳು. "ಆ ಕೋಣೆಗೆ ಸುಣ್ಣ ಹೊಡ್ಸಿದ್ದು ಯಾರಿಗೆ ಅಂತ? ನಮ್ಮನೆಗೆ ಬರ್ಬೇಕಾಗಿದ್ದೋಳು ಹೋದ್ಲು. ಸೂತಕ ನಮ್ದೇ."

ಹೆಂಗಸರು ಮನ್‌ಮಾಯಾಳ ಸುತ್ತ ಕೂತು ಅಳಲು ಶುರು ಮಾಡಿದರು. ರಾಗವಾಗಿ, ತೆಲುಗಿನಲ್ಲಿ, ಒಬ್ಬರು ನಿಲ್ಲಿಸಿದ ಕಡೆಯಿಂದ ಇನ್ನೊಬ್ಬರು ಎತ್ತಿಕೊಂಡು ಅತ್ತರು. ಶಾಮಲಮ್ಮ ಎಂದೋ ತೀರಿಕೊಂಡ ತನ್ನ ತಾಯಿಯನ್ನು ನೆನೆದು ಅತ್ತಳು, ಸುನಂದ ಮಲ್ಲಸಂದ್ರದಲ್ಲಿ ಸತ್ತ ಅಕ್ಕನನ್ನು ನೆನೆದು ಅತ್ತಳು. ಎಲ್ಲರ ನಡುವೆ ಮನ್‌ಮಾಯಾ ಒಬ್ಬಳೇ ಒಣ ಕಣ್ಣಲ್ಲಿ ಕೂತಿದ್ದಳು. ಅವರ ಅಳುವಿನೊಳಗೆ ತನ್ನ ಆಮಾ ಎಲ್ಲಾದರೂ ಇರಬಹುದೇ ಎಂದು ಕಿವಿಗೊಟ್ಟು ಕೇಳಿದಳು. ಯಾವ ಮಾತೂ ತಿಳಿಯಲಿಲ್ಲ. ಎದ್ದು ಹೋಗುವಾಗ ಒಬ್ಬಿಬ್ಬರು, ಹೆತ್ತ ತಾಯಿ ಸತ್ತರೂ ಒಂದು ಹನಿ ಬರಲಿಲ್ಲ ನೋಡು ಎಂದು ಪಿಸುಗುಟ್ಟಿದರು.

ಊಟಕ್ಕೆ ಕೂತಾಗ ಅವಳು ಸಾರು ಮುಟ್ಟಲಿಲ್ಲ. ಪಲ್ಯ ಮುಟ್ಟಲಿಲ್ಲ. ಹೊಟ್ಟೆಯಲ್ಲಿರುವ ಜೀವ ಏನು ತಪ್ಪು ಮಾಡಿದೆ ಎಂದು ಶಾಮಲಮ್ಮ ಮೊದಲು ಅಂಗಲಾಚಿದಳು, ಆಮೇಲೆ ಗದರಿದಳು. ಇದು ಹಠ ಎಂದುಕೊಂಡಿದ್ದಳು. ರಾತ್ರಿಯೂ ಹಾಗೇ ಆದಾಗ ಮನ್‌ಮಾಯಾ ಎದ್ದು ಅಡುಗೆ ಮನೆಯಿಂದ ಉಪ್ಪಿನ ಜಾಡಿ ತಂದು ಅತ್ತೆಯ ಮುಂದಿಟ್ಟಳು, ಅದರ ಬಾಯಿಗೆ ಅಂಗೈ ಮುಚ್ಚಿ ತಲೆಯಾಡಿಸಿದಳು. ಅವಳ ಊರಲ್ಲಿ ಸಾವಾದ ಮನೆಯವರು ಉಪ್ಪು ಬಿಡುತ್ತಾರೆ. ಶಾಮಲಮ್ಮ ಜಾಡಿಯನ್ನೂ ಅವಳ ಮುಖವನ್ನೂ ನೋಡಿದಳು. ಜಾಡಿಯನ್ನು ಒಯ್ದು ಅಟ್ಟದ ಮೇಲಿಟ್ಟಳು. ಉಪ್ಪಿಲ್ಲದೆ ಬೇರೆ ಮುದ್ದೆ ತೊಳಸಿ, ಮೇಲೆ ಬಿಸಿ ಹಾಲು ಹೊಯ್ದು ತಂದು ಮುಂದಿಟ್ಟು, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಖಾನುಸ್," ಎಂದಳು.

ಬೀಗಿತ್ತಿಗೆಂದು ಕಲಿತ ಮಾತು. ಮನ್‌ಮಾಯಾ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಹಸಿವಿರಲಿಲ್ಲ, ಆದರೂ ಉಂಡಳು.

ಕಾಂತರಾಜ್ ಸಿಲಿಗುರಿಯಲ್ಲಿ ಸರಕು ಇಳಿಸಿ, ತಾನು ಬರುವ ತನಕ ಅಲ್ಲೇ ಕಾಯಲು ಹೇಳಿ ಲಾರಿಯನ್ನು ಕದಿರೇಶನಿಗೆ ಒಪ್ಪಿಸಿ, ಗಡಿ ದಾಟಿ ಅವಳ ಊರಿಗೆ ಹೊರಟ. ಅವಳು ಹೋಗು ಎಂದಿರಲಿಲ್ಲ. ಕರೆತರಲು ಹೊರಟವನು ಹಾಗೇ ತಿರುಗಿ ಬಂದರೆ ಸರಿಯಲ್ಲ ಎಂದು ಅವನಿಗೇ ಅನ್ನಿಸಿತ್ತು. ಬಸ್ಸು, ಜೀಪು, ಆಮೇಲೆ ಕಾಲುದಾರಿ. ಒಂದು ಬೆಳಿಗ್ಗೆ ದಿಣ್ಣೆಯ ಮೇಲಿನಿಂದ ವಿಡಿಯೋ ಕಾಲ್ ಮಾಡಿದ. ತಲೆಗೆ ಮಫ್ಲರು ಸುತ್ತಿಕೊಂಡು ನಡುಗುತ್ತಿದ್ದ ಅವನ ಮುಖದ ಹಿಂದೆ ಅವಳ ಮನೆಯ ಮಾಡು, ಕಿತ್ತಳೆ ಗಿಡದ ತುದಿ ಕಂಡವು. ಒಳಗೆ ಹೋಗು, ಒಲೆ ತೋರಿಸು ಎಂದು ಅವಳು ಬೇಡಿಕೊಂಡಳು. ಅವನು ಫೋನು ಹಿಡಿದು ಇಳಿಯತೊಡಗಿದ. ಅಂಗಳದ ಕಲ್ಲು ಕಂಡಿತು, ಬಾಗಿಲ ಚೌಕಟ್ಟು ಕಂಡಿತು, ಚಿತ್ರ ಅಲ್ಲೇ ನಿಂತು ಕಪ್ಪಾಯಿತು. ಅವಳು ಕಪ್ಪು ಪರದೆಯನ್ನು ನೋಡುತ್ತ ಕೊಟ್ಟಿಗೆಯ ಹಿಂದೆ ಕೂತಿದ್ದಳು. ಅವಳ ಮನೆಯೊಳಗೆ ಈಗ ಅವಳ ಗಂಡನಿದ್ದ, ಗಂಡನ ಮನೆಯಲ್ಲಿ ಅವಳಿದ್ದಳು. ನಡುವೆ ಇಡೀ ದೇಶ ಬಿದ್ದುಕೊಂಡಿತ್ತು.

ಅವನು ಊರಿಗೆ ಬಂದ ದಿನ ಲಾರಿಯ ಮುಂದಿನ ಸೀಟಿನ ದುಪ್ಪಟಿಯನ್ನು ಮಡಿಸಿಕೊಂಡೇ ಇಳಿದ. ಸ್ನಾನ ಊಟ ಮುಗಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತರು. ತಮ್ಮ ಹಿಂದಿ ಕನ್ನಡ ಬೆರೆಸಿದ ಭಾಷೆಯಲ್ಲಿ ಅವಳು ಒಂದೊಂದೇ ಕೇಳಿದಳು. ಅವನು ಕಂಡದ್ದನ್ನು ಬಣ್ಣಿಸಿ ಹೇಳುವವನಲ್ಲ. ಚಳಿ ಎಂದ. ಬೆಟ್ಟ ಎಂದ. ದೂರದಲ್ಲಿ ಬೆಳ್ಳಗೆ ಒಂದು ಬೆಟ್ಟ ಕಾಣುತ್ತಿತ್ತು ಎಂದ. ಮಣ್ಣು ಮಾಡಿದ ಜಾಗಕ್ಕೆ ತಮ್ಮ ಕರೆದುಕೊಂಡು ಹೋಗಿದ್ದ, ಅಲ್ಲಿ ಎಲ್ಲರೂ ಕಲ್ಲು ಇಡುತ್ತಿದ್ದರು, ಇವನೂ ಒಂದು ಇಟ್ಟು, ಅವಳ ಹೆಸರು ಹೇಳಿ ಇನ್ನೊಂದು ಇಟ್ಟಿದ್ದ.

"ಬಾ ಏನಂದ?" ಎಂದು ಅವಳು ಅಪ್ಪನ ಬಗ್ಗೆ ಕೇಳಿದಳು.

ಅಪ್ಪ ಮಾತೇ ಆಡಿರಲಿಲ್ಲ. ಒಲೆಯ ಆಚೆ ಕೂತಿರುತ್ತಿದ್ದ, ತಟ್ಟೆ ಮುಂದಿಡುತ್ತಿದ್ದ, ಅಷ್ಟೇ. ಹೊರಡುವ ಬೆಳಿಗ್ಗೆ ಕಾಲುದಾರಿಯ ತನಕ ಬಂದು, ಮಗನ ಮೂಲಕ ಒಂದು ಮಾತು ಕೇಳಿಸಿದ. ನಿಮ್ಮ ಮನೆಯಿಂದ ನೀರು ಎಷ್ಟು ದೂರ ಎಂದು.

ಅವಳ ಊರಲ್ಲಿ ಹೆಣ್ಣು ಕೊಡುವವರು ಮೊದಲು ಕೇಳುವ ಮಾತು ಅದು. ನೀರು ದೂರವಿದ್ದರೆ ಮಗಳು ಆಯುಷ್ಯವೆಲ್ಲ ಏರು ಹತ್ತಿ ಇಳಿದು ಸವೆಯುತ್ತಾಳೆ. ಮದುವೆಯ ಹೊತ್ತಿಗೆ ಕೇಳಬೇಕಾಗಿದ್ದದ್ದನ್ನು ಅಪ್ಪ ಈಗ ಕೇಳಿದ್ದ.

"ನೀನೇನು ಹೇಳಿದೆ?"

"ಮನೆ ಮುಂದೇನೇ ನಲ್ಲಿ ಇದೆ ಅಂದೆ."

"ಅದರಲ್ಲಿ ನೀರು ಬರೋದು ಯಾವಾಗಲೋ."

"ನಲ್ಲಿ ಇರೋದು ನಿಜ ತಾನೇ," ಎಂದ ಕಾಂತರಾಜ್. ಆಮೇಲೆ ದನಿ ತಗ್ಗಿಸಿ ಹೇಳಿದ. "ಅಲ್ಲಿ ಇದ್ದಷ್ಟು ದಿನ ಎಲ್ರೂ ನನ್ನ ಸುತ್ತಾನೇ ಮಾತಾಡೋರು. ನಗೋರು, ಅಳೋರು. ನಂಗೊಂದೂ ತಿಳೀತಿರ್ಲಿಲ್ಲ. ಊಟ ಹಾಕೋರು, ತಿಂತಿದ್ದೆ. ಮಲಕ್ಕೋ ಅನ್ನೋರು, ಮಲಗ್ತಿದ್ದೆ. ನಿಂಗೆ ಇಲ್ಲಿ ದಿನಾ ಹಿಂಗೇನಾ ಆಗೋದು?"

ಅವಳು ಹೂಂ ಎಂದಳು. ಅವನು ಅವಳ ಕೈ ಹಿಡಿದುಕೊಂಡ. ಇನ್ನು ಮೇಲೆ ಹತ್ತಿರದ ಬಾಡಿಗೆಗಳಿಗೇ ಹೋಗುತ್ತೇನೆ, ಮಾಲೂರು, ಹೊಸಕೋಟೆ, ಅಷ್ಟೇ ಎಂದ. ಮಂಡಿಯವರನ್ನು ಕೇಳಿಯೂ ನೋಡಿದ. ಹತ್ತಿರದ ಬಾಡಿಗೆಗಳಿಗೆ ಅವರ ಹತ್ತಿರ ಬೇರೆ ಜನರಿದ್ದರು. ಮುಂದಿನ ವಾರ ನಾಗಪುರಕ್ಕೆ ಹೊರಟ.

ಹೆರಿಗೆ ಕೋಲಾರದ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಮಗು. ಕಣ್ಣು ಅವಳದು, ಬಣ್ಣ ಕಾಂತರಾಜನದು. ಕಾಂತರಾಜ್ ಬಂದು ತಲುಪುವಷ್ಟರಲ್ಲಿ ಮಗುವಿಗೆ ಎರಡು ದಿನವಾಗಿತ್ತು. ಬಾಣಂತನವನ್ನು ಶಾಮಲಮ್ಮನೇ ಮಾಡಿದಳು. ಸುಣ್ಣ ಹೊಡೆಸಿದ ಕೋಣೆಯಲ್ಲಿ ಮಂಚ ಹಾಕಿಸಿದಳು. ಸುನಂದ ಒಂದು ದಿನ ಮೆಣಸಿನ ಸಾರು ತಂದುಕೊಟ್ಟು, ಮಗುವಿನ ಕೆನ್ನೆ ಮುಟ್ಟಿ ಹೋದಳು.

ಬಾಣಂತಿ ಸ್ನಾನದ ಮೊದಲ ದಿನ ಶಾಮಲಮ್ಮ ಬಚ್ಚಲಲ್ಲಿ ಹಂಡೆ ತುಂಬ ನೀರು ಕಾಯಿಸಿ, ಹರಳೆಣ್ಣೆ ಹಚ್ಚಿ, ಸೊಸೆಯ ಬೆನ್ನು ಸೊಂಟಗಳನ್ನು ಗಟ್ಟಿಯಾಗಿ ತಿಕ್ಕಿದಳು. ಆಮೇಲೆ ಚೆಂಬು ಚೆಂಬಾಗಿ ಸುಡುವ ನೀರು ಹೊಯ್ದಳು. ಆ ಬಿಸಿಗೋ, ಬೆನ್ನ ಮೇಲೆ ಓಡಾಡಿದ ಆ ಒರಟು ಕೈಗೋ, ಮನ್‌ಮಾಯಾಳ ಭುಜಗಳು ಅಲುಗತೊಡಗಿದವು. ನೀರಿನ ಸದ್ದಿನಲ್ಲಿ ಅಳು ಕೇಳಿಸುತ್ತಿರಲಿಲ್ಲ. ಆದರೆ ಕೈ ಕೆಳಗಿನ ಬೆನ್ನು ಶಾಮಲಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ.

"ಏಡ್ಚೇಯಮ್ಮಾ," ಎಂದಳು. ಅತ್ತುಬಿಡಮ್ಮ.

ಹಂಡೆ ಬರಿದಾಗುವ ತನಕ ಮನ್‌ಮಾಯಾ ಅತ್ತಳು.

ಪುಷ್ಯ ಬಂದಾಗ ಬೆಳಗಿನ ಚಳಿ ಜೋರಾಯಿತು. ಕಾಂತರಾಜ್ ಕೋಲ್ಕತ್ತದ ದಾರಿಯಲ್ಲಿದ್ದ. ಒಂದು ಬೆಳಿಗ್ಗೆ ಶಾಮಲಮ್ಮ ಹಾಲಿನ ಕ್ಯಾನು ಹಿಡಿದು ಡೇರಿಗೆ, ಅಶ್ವತ್ಥಪ್ಪ ತೋಟಕ್ಕೆ ಹೋದರು. ಮನ್‌ಮಾಯಾ ತಲೆಗೆ ಬಟ್ಟೆ ಬಿಗಿದುಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಹೊರಗೆ ಟೊಮೆಟೊ ತೋಟ, ಬೀದಿ, ಹುಣಸೆ ಮರ ಯಾವುದೂ ಕಾಣುತ್ತಿರಲಿಲ್ಲ. ಎಲ್ಲ ಬೆಳ್ಳಗೆ ಮುಚ್ಚಿಕೊಂಡಿತ್ತು.

ಅವಳು ಮಗುವಿಗೆ ತನ್ನ ಭಾಷೆಯಲ್ಲಿ ಹೇಳತೊಡಗಿದಳು. ಶನಿವಾರಗಳು ನಿಂತ ಮೇಲೆ ಆ ಭಾಷೆ ಹೀಗೆ ಒಂದೇ ಸಮನೆ ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಿನ್ನ ಅಜ್ಜಿಯ ಮನೆ ಎತ್ತರದಲ್ಲಿತ್ತು, ಎಷ್ಟು ಎತ್ತರವೆಂದರೆ ಬೆಳಿಗ್ಗೆ ಬಾಗಿಲು ತೆರೆದರೆ ಕೆಳಗೆ ಹೊಳೆಯಿಲ್ಲ, ಊರಿಲ್ಲ, ಕಣಿವೆಯ ತುಂಬ ಇದೇ ತುಂಬಿಕೊಂಡಿರುತ್ತಿತ್ತು ಎಂದು ಹೇಳುತ್ತ ಹೋದವಳು ಅಲ್ಲಿ ತಡೆದಳು. ಕಿಟಕಿಯಾಚೆ ಕಾಣುತ್ತಿದ್ದ ಇದಕ್ಕೆ ಅವಳ ಭಾಷೆಯಲ್ಲಿ ಒಂದು ಹೆಸರಿತ್ತು. ನಾಲಿಗೆಯ ತುದಿಯಲ್ಲಿತ್ತು. ಆಮಾ ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಹೇಳುತ್ತಿದ್ದ ಮಾತು. ಎಷ್ಟು ಹುಡುಕಿದರೂ ಸಿಗಲಿಲ್ಲ.

ತಮ್ಮನಿಗೆ ಫೋನು ಮಾಡಿ ಕೇಳಬಹುದಿತ್ತು. ಆದರೆ ಅವನು ಈ ಹೊತ್ತಿನಲ್ಲಿ ಕೆಲಸದಲ್ಲಿರುತ್ತಾನೆ. ಒಂದು ಮಾತು ಮರೆತೆನೆಂದು ಕೇಳಿಸಿಕೊಂಡು, ನಗಾಡಿ, ಬೈದು, ಹೇಳಿಕೊಡುವವಳು ಈಗಿರಲಿಲ್ಲ. ಮಗು ಕಣ್ಣು ಬಿಟ್ಟುಕೊಂಡು ಅವಳ ಬಾಯನ್ನೇ ನೋಡುತ್ತಿತ್ತು, ಮುಂದಿನ ಮಾತಿಗೆ ಕಾದಂತೆ.

ಮಂಜು ಎಂದಳು ಮನ್‌ಮಾಯಾ. ಕಣಿವೆಯ ತುಂಬ ಮಂಜು. ಹಾಗೆಂದು ಕಥೆಯನ್ನು ಮುಂದುವರಿಸಿದಳು.